ಸವೆದ ಸ್ಕೇಟ್ ಚಕ್ರ: ತಿರುಗಿಸಿ ಹಾಕೋಣವೇ, ಹೊಸದು ತರೋಣವೇ?

ಕ್ಲಾಸ್ ಮುಗಿದು ಮಗಳ ಕಾಲಿನಿಂದ ಸ್ಕೇಟ್ ಬಿಚ್ಚುತ್ತಿದ್ದೆ. ಕೋಚ್ ಹತ್ತಿರ ಬಂದು ನೋಡಿ, "ಮೇಡಂ, ವೀಲ್ ಎಲ್ಲಾ ಹೋಗಿದೆ, ಚೇಂಜ್ ಮಾಡ್ಬಿಡಿ" ಅಂದರು. ಅಷ್ಟು ಹೇಳಿ ಮುಂದಿನ ಬ್ಯಾಚಿನ ಮಕ್ಕಳ ಕಡೆ ಹೋದರು. ಯಾವ ವೀಲ್, ಎಷ್ಟು ದೊಡ್ಡದು, ಎಲ್ಲಿ ಸಿಗುತ್ತದೆ ಎಂದು ಕೇಳುವುದಕ್ಕೆ ನನಗೂ ಆಗ ತಿಳಿದಿರಲಿಲ್ಲ.

ರಾತ್ರಿ ಫೋನ್ ಹಿಡಿದು ಕೂತರೆ ಅಂಕಿಗಳದೇ ಸಂತೆ. 72, 76, 80, 84. 78ಎ, 82ಎ, 85ಎ. ಎಬೆಕ್ 5, 7, 9. ನಾಲ್ಕರ ಪ್ಯಾಕು, ಎಂಟರ ಪ್ಯಾಕು, ಬೇರಿಂಗ್ ಸಮೇತ, ಬೇರಿಂಗ್ ಇಲ್ಲದೆ, ಲೈಟ್ ಹೊತ್ತಿಕೊಳ್ಳುವುದು. ಆಮೇಲೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮಗಳದ್ದು, ಅಕ್ಕಪಕ್ಕದ ಮನೆ ಮಕ್ಕಳದ್ದು ಅಂತ ಎಷ್ಟೋ ಜೊತೆ ಸ್ಕೇಟಿಗೆ ಚಕ್ರ ಬದಲಿಸಿದ್ದೇನೆ. ಅದರಿಂದ ಕಲಿತದ್ದು ಇಷ್ಟು: ಫೋನನ್ನು ಪಕ್ಕಕ್ಕಿಟ್ಟು, ಒಂದು ಹಳೆಯ ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಏನು ತರಬೇಕು, ತರಲೇಬೇಕಾ ಅನ್ನುವುದಕ್ಕೆ ಬೇಕಾದ ಗುರುತೆಲ್ಲ ಅದರ ಮೇಲೇ ಇರುತ್ತದೆ.

ಇಲ್ಲಿ ಬರೆದಿರುವುದು ಒಂದೇ ಸಾಲಿನಲ್ಲಿ ಚಕ್ರ ಇರುವ ಇನ್‌ಲೈನ್ ಸ್ಕೇಟ್ ಬಗ್ಗೆ. ಮುಂದೆರಡು ಹಿಂದೆರಡು ಚಕ್ರ ಇರುವ ಕ್ವಾಡ್‌ನದು ಅಗಲವಾದ ಚಕ್ರ, ಇದಕ್ಕೆ ಕೂರುವುದಿಲ್ಲ.

ಹಳೆಯ ಚಕ್ರ ಏನು ಹೇಳುತ್ತದೆ

ಚಕ್ರದ ಪಕ್ಕದಲ್ಲಿ ಅಚ್ಚು ಹಾಕಿರುತ್ತಾರೆ: 76 ಮಿ.ಮೀ., 82ಎ, ಹೀಗೆ. ಮೊದಲನೆಯದು ಹೊಸದಾಗಿದ್ದಾಗಿನ ವ್ಯಾಸ, ಎರಡನೆಯದು ಗಡಸುತನ. ಅಚ್ಚು ಅಳಿಸಿಹೋಗಿದ್ದರೆ ಹೂ ಕಟ್ಟುವ ದಾರ ಸಾಕು. ನಡುವಿನ ಉಬ್ಬಿದ ಭಾಗಕ್ಕೆ ಒಂದು ಸುತ್ತು ಸುತ್ತಿ, ದಾರ ಕೂಡುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಬಿಚ್ಚಿ ಸ್ಕೇಲಿನ ಮೇಲೆ ಇಡಿ. 251 ಮಿ.ಮೀ. ಬಂದರೆ ವ್ಯಾಸ 80, 239 ಬಂದರೆ 76, 226 ಬಂದರೆ 72. ವ್ಯಾಸದಲ್ಲಿ ಒಂದು ಮಿ.ಮೀ. ಸವೆದಿದ್ದರೆ ದಾರದ ಅಳತೆ ಮೂರು ಮಿ.ಮೀ.ಗಿಂತ ಸ್ವಲ್ಪ ಹೆಚ್ಚಾಗಿಯೇ ಇಳಿಯುತ್ತದೆ. ಅದಕ್ಕೇ ಸ್ಕೇಲನ್ನು ನೇರ ಚಕ್ರದ ಮೇಲೆ ಇಟ್ಟು ಅಂದಾಜು ಮಾಡುವುದಕ್ಕಿಂತ ದಾರದ ಲೆಕ್ಕ ನಂಬಿಕಸ್ಥ. ಮೂಲ ಅಳತೆ ಬೇಕೆಂದರೆ ಎಂಟರಲ್ಲಿ ಎಲ್ಲಕ್ಕಿಂತ ಕಮ್ಮಿ ಸವೆದದ್ದನ್ನು ಅಳೆಯಿರಿ.

ಇನ್ನು ಸವೆತದ ಆಕಾರ. ಚಕ್ರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅಂಚಿನ ಕಡೆಯಿಂದ ನೋಡಿ. ಹೊಸ ಚಕ್ರದ ಅಂಚು ಎರಡೂ ಕಡೆಗೆ ಒಂದೇ ಸಮ ಇಳಿಯುತ್ತದೆ. ಓಡಿದ ಚಕ್ರ ಒಂದು ಕಡೆ ಇಳಿಜಾರಾಗಿರುತ್ತದೆ, ಮನೆ ಮುಂದಿನ ರ‍್ಯಾಂಪಿನ ಹಾಗೆ. ಆ ಇಳಿಜಾರು ಒಳಮುಖದ್ದು, ಅಂದರೆ ಎರಡು ಪಾದಗಳ ನಡುವಿನ ಕಡೆಯದು. ಸ್ಕೇಟ್ ಮಾಡುವವರು ಮುಂದಕ್ಕೆ ಹೋಗುವುದು ಕಾಲನ್ನು ಪಕ್ಕಕ್ಕೆ ಒತ್ತಿ ತಳ್ಳಿ. ಆ ಒತ್ತಡವೆಲ್ಲ ಒಳ ಅಂಚಿನ ಮೇಲೇ ಬೀಳುತ್ತದೆ. ರಿಂಕಿನಲ್ಲಿ ಕಲಿಯುವ ಮಕ್ಕಳದ್ದು ಇನ್ನೊಂದು ಬಗೆ. ಟ್ರ್ಯಾಕಿನಲ್ಲಿ ಸುತ್ತುವುದು ಯಾವಾಗಲೂ ಎಡಕ್ಕೆ, ತಿರುವಿನಲ್ಲಿ ಕಾಲ ಮೇಲೆ ಕಾಲು ದಾಟಿಸುವಾಗ ಎಡಗಾಲು ತಳ್ಳುವುದು ಹೊರ ಅಂಚಿನಿಂದ. ಹಾಗಾಗಿ ಎಡಗಾಲಿನ ಚಕ್ರ ಎರಡೂ ಕಡೆ ಸವೆದಿರುತ್ತದೆ, ಬಲಗಾಲಿನದು ಒಳಗಡೆ ಮಾತ್ರ ಜೋರಾಗಿ ಸವೆದಿರುತ್ತದೆ. ಒಂದು ಕಾಲಿನ ಚಕ್ರದಲ್ಲಿ ಅಲ್ಲಲ್ಲಿ ಚಪ್ಪಟೆ ಜಾಗ ಕಂಡರೆ, ಆ ಕಾಲನ್ನು ಹಿಂದೆ ಅಡ್ಡ ಎಳೆದು ನಿಲ್ಲಿಸುವ ಅಭ್ಯಾಸ ಮಗುವಿಗಿದೆ ಎಂದರ್ಥ. ಅದು ತಪ್ಪಲ್ಲ, ಕೋಚ್‌ಗಳೇ ಕಲಿಸುವ ವಿದ್ಯೆ. ಆದರೆ ಚಕ್ರವನ್ನು ಬೇಗ ತಿನ್ನುತ್ತದೆ.

ಬಣ್ಣದ ಪದರ ಮಧ್ಯದ ಗಟ್ಟಿ ಹಬ್‌ನಿಂದ ಬಿಟ್ಟುಕೊಳ್ಳುತ್ತಿದೆಯೇ, ಹಬ್ ಬಿರುಕು ಬಿಟ್ಟಿದೆಯೇ, ಚೂರು ಕಿತ್ತುಬಂದಿದೆಯೇ, ಇದನ್ನೂ ನೋಡಿ. ಈ ಮೂರರಲ್ಲಿ ಒಂದಿದ್ದರೂ ಆ ಚಕ್ರಕ್ಕೆ ಮುಂದೆ ಯಾವ ಆಯ್ಕೆಯೂ ಇಲ್ಲ, ತೆಗೆದುಹಾಕಬೇಕು.

ತಿರುಗಿಸಿ ಹಾಕುವುದು, ಪೂರ್ತಿ ಸೆಟ್ ತರುವುದು, ನಾಲ್ಕೇ ತರುವುದು

ಕೋಚ್ "ಹೋಗಿದೆ" ಅಂದ ಆ ಮೊದಲ ಸಲ ನಾನು ದಾರ ಹಾಕಿ ನೋಡಿದಾಗ 76ರ ಚಕ್ರ 73ಕ್ಕೆ ಬಂದಿತ್ತು, ಅಷ್ಟೆ. ಹೋಗಿದ್ದದ್ದು ಅಂಚಿನ ಆಕಾರ. ಅಂಥದ್ದಕ್ಕೆ ಒಂದು ರೂಪಾಯಿ ಖರ್ಚಿಲ್ಲದ ಮದ್ದಿದೆ, ಜಾಗ ಬದಲಿಸಿ ಹಾಕುವುದು. ಎಡಗಾಲಿನ ಒಂದನೆಯ ಚಕ್ರ ಬಲಗಾಲಿನ ಮೂರನೆಯ ಜಾಗಕ್ಕೆ, ಅಲ್ಲಿನ ಮೂರನೆಯದು ಇಲ್ಲಿನ ಒಂದಕ್ಕೆ. ಹಾಗೆಯೇ ಎರಡು ಮತ್ತು ನಾಲ್ಕು. ಬಲಗಾಲಿನವು ಎಡಕ್ಕೆ ಬರುವಾಗಲೂ ಇದೇ ಲೆಕ್ಕ. ಕಾಲು ಬದಲಿಸುವಾಗ ಚಕ್ರವನ್ನು ಮಗುಚಬೇಡಿ, ಬಲಕ್ಕಿದ್ದ ಮುಖ ಬಲಕ್ಕೇ ಇರಲಿ. ಎಡಗಾಲಿನಲ್ಲಿ ಒಳಗಡೆಗಿದ್ದ ಸವೆದ ಮುಖ ಬಲಗಾಲಿಗೆ ಹೋದ ಕೂಡಲೇ ತಾನಾಗಿ ಹೊರಗಡೆಗೆ ಬಂದಿರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರ ಹೆಚ್ಚು ಸವೆಯುವುದರಿಂದ ಅವು ನಡುವಿಗೂ, ನಡುವಿನವು ತುದಿಗೂ ಹೋಗುತ್ತವೆ. ವಾರಕ್ಕೆ ಮೂರು ನಾಲ್ಕು ದಿನ ಓಡುವ ಮಗುವಿಗೆ ನಾನು ತಿಂಗಳಿಗೊಮ್ಮೆ ಹೀಗೆ ಮಾಡುತ್ತೇನೆ. ಇಳಿಜಾರು ಕಣ್ಣಿಗೆ ಎದ್ದು ಕಾಣುವ ತನಕ ಕಾಯಬಾರದು. ಒಮ್ಮೆ ಚೂಪಾದ ಇಳಿಜಾರಾದ ಮೇಲೆ ತಿರುಗಿಸಿದರೆ ಮಗುವಿಗೆ ಪಾದ ಹೊರಕ್ಕೆ ವಾಲಿದಂತೆ ಅನಿಸುತ್ತದೆ, ಒಂದೆರಡು ದಿನ ಬೀಳುತ್ತದೆ.

ಮಕ್ಕಳ ಚಕ್ರಗಳು ಬೇಗ ಕಸಕ್ಕೆ ಹೋಗುವುದು ಬಹಳ ಸಲ ಈ ಒಂದು ಕೆಲಸ ಮಾಡದೇ ಇದ್ದುದರಿಂದ. ಇದನ್ನು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಅರ್ಧ ಗಂಟೆಯ ಕೆಲಸ, ಬೋಲ್ಟ್ ಬಿಚ್ಚಲು ಆರು ಮೂಲೆಯ ಒಂದು ಅಲೆನ್ ಕೀ.

ತಿರುಗಿಸಿ ಹಾಕುವುದಕ್ಕೂ ಒಂದು ಕೊನೆಯಿದೆ. 80ರ ಚಕ್ರ 73, 72ಕ್ಕೆ ಇಳಿದಿದ್ದರೆ, 76ರದು 69ರ ಹತ್ತಿರ ಬಂದಿದ್ದರೆ, ಅಂದರೆ ಹತ್ತರಲ್ಲಿ ಒಂದು ಪಾಲು ಸವೆದಿದ್ದರೆ ಹೊಸ ಸೆಟ್ ತರುವ ಹೊತ್ತಾಯಿತು. ಹಬ್‌ನ ಮೇಲೆ ಉಳಿದ ಪದರ ತೆಳುವಾದಷ್ಟೂ ರಸ್ತೆಯ ಅದುರು ನೇರ ಮಗುವಿನ ಪಾದಕ್ಕೆ, ಮೊಣಕಾಲಿಗೆ ಏರುತ್ತದೆ.

"ನಾಲ್ಕು ತಂದರೆ ಸಾಲದಾ? ಚೆನ್ನಾಗಿರುವ ನಾಲ್ಕು ಇಟ್ಟುಕೊಳ್ಳೋಣ" ಎಂದು ನಮ್ಮ ಯಜಮಾನರು ಕೇಳಿದ್ದರು. ಲೆಕ್ಕಕ್ಕೆ ಸರಿ ಕಾಣುತ್ತದೆ. 80ರ ಹೊಸ ಚಕ್ರದ ಪಕ್ಕ 74ರ ಹಳೆಯದು ಇದ್ದರೆ ವ್ಯಾಸದಲ್ಲಿ ಆರು, ಅಂದರೆ ಹಳೆಯದು ನೆಲದಿಂದ ಮೂರು ಮಿ.ಮೀ. ಮೇಲೆ ತೂಗಾಡುತ್ತದೆ. ಹೊಸವನ್ನು ನಡುವೆ ಹಾಕಿದರೆ ಸ್ಕೇಟ್ ತೊಟ್ಟಿಲಿನಂತೆ ಹಿಂದೆ ಮುಂದೆ ಆಡುತ್ತದೆ. ಕೋನ್ ನಡುವೆ ಸುಳಿದಾಡುವ ಸ್ಲಾಲಮ್ ಆಟಗಾರರು ಬೇಕೆಂದೇ ಹೀಗೆ ಮಾಡಿಕೊಳ್ಳುತ್ತಾರೆ, ತಿರುಗಲು ಸಲೀಸು ಅಂತ. ಕಲಿಯುತ್ತಿರುವ ಮಗುವಿಗೆ ಇದು ಬೇಡ. ತಂದರೆ ಎಂಟೂ ತನ್ನಿ. ಹಳೆಯ ಎಂಟರಲ್ಲಿ ಚೆನ್ನಾಗಿರುವ ಎರಡನ್ನು ಮಾತ್ರ ಕಸಕ್ಕೆ ಹಾಕದೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಮುಂದೆ ಹೊಸ ಸೆಟ್ ಸ್ವಲ್ಪ ಸವೆದ ಮೇಲೆ ಒಂದು ಚಕ್ರ ಒಡೆದರೆ, ಅದರ ಜಾಗಕ್ಕೆ ಅಳತೆಗೆ ಹತ್ತಿರದ್ದು ಮನೆಯಲ್ಲೇ ಇರುತ್ತದೆ.

ಹಣದ ಮಾತು. ಎಂಟು ಚಕ್ರದ ಬೆಲೆ ಹೊಸ ಸ್ಕೇಟಿನ ಬೆಲೆಯ ಅರ್ಧ ದಾಟುತ್ತದೆ ಎಂದಾದರೆ ಮೊದಲು ಮಗುವಿನ ಹೆಬ್ಬೆರಳು ಶೂ ತುದಿಗೆ ತಾಗುತ್ತಿದೆಯಾ ಎಂದು ಮುಟ್ಟಿ ನೋಡಿ. ತಾಗುತ್ತಿದ್ದರೆ ಆ ಹಣವನ್ನು ಹೊಸ ಜೊತೆಗೆ ಉಳಿಸಿ, ಅಲ್ಲಿಯವರೆಗೆ ಚಕ್ರ ತಿರುಗಿಸಿ ಹಾಕಿಕೊಂಡು ನೂಕಿ. ಬಟನ್ ಒತ್ತಿ ಉದ್ದ ಮಾಡುವ ಶೂ ಆಗಿದ್ದು ಇನ್ನೂ ಒಂದೆರಡು ಸೈಜ್ ಬಾಕಿಯಿದ್ದರೆ ಒಳ್ಳೆಯ ಚಕ್ರಕ್ಕೆ ಧೈರ್ಯವಾಗಿ ಹಣ ಹಾಕಿ. ತೀರಾ ಅಗ್ಗದ ಆಟಿಕೆ ಸ್ಕೇಟುಗಳಲ್ಲಿ ಬೋಲ್ಟೇ ಇರುವುದಿಲ್ಲ, ರಿವಿಟ್ ಹೊಡೆದಿರುತ್ತಾರೆ. ಅದರ ಚಕ್ರ ಬದಲಾಗುವುದಿಲ್ಲ.

ಎಷ್ಟು ದೊಡ್ಡ ಚಕ್ರ?

ಇದಕ್ಕೆ ಉತ್ತರ ಕೊಡುವುದು ಫ್ರೇಮ್, ಅಂದರೆ ಶೂ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಪಟ್ಟಿ. ನಮ್ಮ ಹಿಂದಿನ ಬೀದಿಯ ಹುಡುಗನಿಗೆ ಅವನಪ್ಪ 80ರ ಸೆಟ್ ತಂದಿದ್ದರು. "ಎಲ್ಲಾ ಸೈಜೂ ಕೂರುತ್ತೆ ಸಾರ್" ಎಂದು ಅಂಗಡಿಯವರು ಹೇಳಿ ಕಳಿಸಿದ್ದರಂತೆ. ಅವನ ಫ್ರೇಮ್ 76ರದು. ಮೊದಲನೆಯದು ಕೂತಿತು. ಎರಡನೆಯದನ್ನು ತೂರಿಸಲು ಹೋದರೆ ಒಂದಕ್ಕೊಂದು ಒತ್ತಿಕೊಂಡು ಬೋಲ್ಟಿನ ತೂತೇ ಸಿಗಲಿಲ್ಲ. ಚಕ್ರದ ಮೇಲೆ ಬೋಲ್ಟಿನ ಗುರುತು ಬಿದ್ದಿದ್ದರಿಂದ ವಾಪಸ್ ತೆಗೆದುಕೊಳ್ಳಲೂ ಇಲ್ಲ.

ತರುವ ಮುಂಚೆ ಸ್ಕೇಲ್ ಹಿಡಿದು ಪಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನ ದೂರ ಅಳೆಯಿರಿ, ಮಧ್ಯಬಿಂದುವಿನಿಂದ ಮಧ್ಯಬಿಂದುವಿಗೆ. ಚಕ್ರದ ವ್ಯಾಸ ಅದಕ್ಕಿಂತ ಕಮ್ಮಿ ಇರಲೇಬೇಕು. 243 ಮಿ.ಮೀ. ಎಂದು ಬರೆದಿರುವ ನಾಲ್ಕು ಚಕ್ರದ ಫ್ರೇಮಿನಲ್ಲಿ ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿಗೆ 243, ಮೂರು ಅಂತರಗಳಿಗೆ ಭಾಗಿಸಿದರೆ 81. ಅದಕ್ಕೇ 80ರ ಚಕ್ರ ಕೂರುತ್ತದೆ. 231ರ ಫ್ರೇಮಿನಲ್ಲಿ ಅಂತರ 77, ಅಲ್ಲಿಗೆ 76. ಎಷ್ಟೋ ಫ್ರೇಮುಗಳ ಪಕ್ಕದಲ್ಲೇ ಗರಿಷ್ಠ ಅಳತೆ ಅಚ್ಚಾಗಿರುತ್ತದೆ, ಧೂಳು ಒರೆಸಿ ನೋಡಿ.

ದೊಡ್ಡದು ಬೇಡ, ಚಿಕ್ಕದು ಹಾಕಬಹುದಾ? ಹಾಕಬಹುದು. 80ರ ಫ್ರೇಮಿಗೆ 76 ಕೂರುತ್ತದೆ. ಮಗು ನೆಲಕ್ಕೆ ಹತ್ತಿರವಾಗುತ್ತದೆ, ಹೊರಡುವಾಗ ಕಮ್ಮಿ ಶಕ್ತಿ ಸಾಕು. ಹೆದರುವ ಮಗುವಿಗೆ ಇದೇ ಒಳ್ಳೆಯದು ಎಂದು ನನ್ನ ಅನುಭವ. ದೊಡ್ಡ ಚಕ್ರ ರಸ್ತೆಯ ಸಂದು, ಜಲ್ಲಿ ದಾಟುವುದರಲ್ಲಿ ಸುಲಭ, ಒಮ್ಮೆ ವೇಗ ಹಿಡಿದರೆ ಬೇಗ ಕಮ್ಮಿಯಾಗುವುದಿಲ್ಲ. ಒಂದು ಎಚ್ಚರಿಕೆ ಎರಡಕ್ಕೂ ಇದೆ, ಹಿಮ್ಮಡಿಯ ಬ್ರೇಕ್ ರಬ್ಬರ್. ಚಕ್ರ ಚಿಕ್ಕದಾದರೆ ರಬ್ಬರ್ ನೆಲಕ್ಕೆ ಹತ್ತಿರವಾಗಿ ಉಜ್ಜುತ್ತದೆ. ಸವೆದ ಚಕ್ರ ತೆಗೆದು ಹೊಸದು ಹಾಕಿದರೆ ರಬ್ಬರ್ ಮೇಲೇರುತ್ತದೆ, ಮಗು ಮುಂಚಿಗಿಂತ ಹೆಚ್ಚು ಪಾದ ಎತ್ತಬೇಕು. ಹೊಸ ಚಕ್ರ ಹಾಕಿದ ದಿನ ಇಳಿಜಾರಿಗೆ ಕಳಿಸುವ ಮುಂಚೆ ಸಮತಟ್ಟಿನಲ್ಲಿ ನಾಲ್ಕು ಸಲ ಬ್ರೇಕ್ ಹಾಕಿಸಿ ನೋಡಿ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ನಮ್ಮ ಪುರುಷರ ತಂಡಕ್ಕೂ ಮಹಿಳೆಯರ ತಂಡಕ್ಕೂ ಕಂಚು ಬಂತು. ಮಗಳು ಆ ವಿಡಿಯೋ ಹತ್ತು ಸಲ ನೋಡಿ, "ಅಮ್ಮಾ, ನಂಗೂ ಅಂಥ ದೊಡ್ಡ ಚಕ್ರ ಹಾಕ್ಸು" ಅಂದಳು. ಸ್ಪೀಡ್ ಸ್ಕೇಟಿಂಗಿನ 100, 110ರ ಚಕ್ರಕ್ಕೆ ಫ್ರೇಮೇ ಬೇರೆ, ಪಾದದ ಗಂಟಿನ ಕೆಳಗೇ ಮುಗಿಯುವ ಗಿಡ್ಡ ಶೂ ಬೇರೆ. ಅದು ಚಕ್ರ ಬದಲಿಸುವ ಮಾತಲ್ಲ, ಆಟ ಬದಲಿಸುವ ಮಾತು. ಕೋಚ್ ಹತ್ತಿರ ಕೂತು ಮಾತಾಡಿ ತೀರ್ಮಾನಿಸಬೇಕಾದದ್ದು.

ಗಡಸೋ ಮೆದುವೋ: ಮೈಸೂರಿನ ನೆಲಕ್ಕೆ ಯಾವುದು

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ, ಜನ ಎಲ್ಲಕ್ಕಿಂತ ಕಮ್ಮಿ ನೋಡುವುದೂ ಇದನ್ನೇ. ಹಿಂದಿನ ಕಾಲದ ಸ್ಕೇಟಿಗೆ ಮರದ, ಕಬ್ಬಿಣದ, ಜೇಡಿಮಣ್ಣು ಬೆರೆಸಿದ ಚಕ್ರ ಇರುತ್ತಿತ್ತು. 1970ರ ದಶಕದಲ್ಲಿ ಪಾಲಿಯುರೆಥೇನ್ ಬಂದ ಮೇಲೆ ಚಕ್ರ ನೆಲವನ್ನು ಹಿಡಿಯತೊಡಗಿತು, ಅದುರು ನುಂಗತೊಡಗಿತು. ಪಿಯು ಎಂದು ಅಂಗಡಿಯಲ್ಲಿ ಹೇಳುವುದು ಇದನ್ನೇ. ಇದರ ಗಡಸುತನವನ್ನು ಶೋರ್ ಎ ಎಂಬ ಮಾಪನದಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ಗಡಸು. ಇನ್‌ಲೈನ್ ಚಕ್ರಗಳು ಸಾಮಾನ್ಯವಾಗಿ 76ಎ ಇಂದ 90ಎ ಒಳಗೆ.

ಮೆದು ಚಕ್ರ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ನುಣುಪು ನೆಲದಲ್ಲಿ ಜಾರುವುದಿಲ್ಲ. ಆದರೆ ಒರಟು ಡಾಂಬರು ಅದನ್ನು ಪೆನ್ಸಿಲ್ ರಬ್ಬರಿನಂತೆ ಉಜ್ಜಿ ತಿನ್ನುತ್ತದೆ. ಗಡಸು ಚಕ್ರ ಬಾಳಿಕೆ ಬರುತ್ತದೆ, ನುಣುಪು ನೆಲದ ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ. ನಿಮ್ಮ ಮಗು ಎಲ್ಲಿ ಹೆಚ್ಚು ಓಡುತ್ತದೆ ಅನ್ನುವುದೇ ಪ್ರಶ್ನೆ.

ನಮ್ಮ ಊರಿನ ಮಕ್ಕಳು ಓಡುವ ನೆಲ ಯಾವುವು? ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ನುಣ್ಣನೆ ಸಿಮೆಂಟು, ಮೇಲೆ ಕಾಣದಷ್ಟು ಧೂಳು. ರಿಂಕ್, ಉಜ್ಜಿದ ಕಾಂಕ್ರೀಟು. ಬಡಾವಣೆಯ ಅಡ್ಡರಸ್ತೆ, ಹಾಕಿದ ಹೊಸತರಲ್ಲಿ ಚೆನ್ನ, ಎರಡು ಮಳೆಗಾಲ ಕಳೆದರೆ ಟಾರು ಹೋಗಿ ಜಲ್ಲಿ ಹಲ್ಲು ತೋರಿಸುತ್ತದೆ. ಪಾರ್ಕಿನ ಸುತ್ತ ಇಂಟರ್‌ಲಾಕ್ ಕಲ್ಲು, ಪ್ರತಿ ಸಂದಿಗೂ ಕಟಕಟ.

ಬೇಸ್‌ಮೆಂಟ್ ಮತ್ತು ರಿಂಕ್ ಮಾತ್ರ ಎಂದಾದರೆ 78ಎ ಇಂದ 80ಎ. ದಿನಾ ರಸ್ತೆ ಎಂದಾದರೆ 84ಎ, 85ಎ. ನಮ್ಮಲ್ಲಿ ಬಹುಪಾಲು ಮಕ್ಕಳು ಎರಡೂ ಕಡೆ ಓಡುತ್ತಾರೆ, ಅವರಿಗೆ ನಾನು 82ಎ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಮಗುವಿನ ತೂಕವನ್ನೂ ಗಮನಿಸಿ. ಇಪ್ಪತ್ತೈದು ಮೂವತ್ತು ಕೆ.ಜಿ. ಇರುವ ಮಗುವಿನ ಕೆಳಗೆ ಗಡಸು ಚಕ್ರ ಸ್ವಲ್ಪವೂ ಅದುಮುವುದಿಲ್ಲ, ಕಲ್ಲಿನ ಮೇಲೆ ನಿಂತ ಹಾಗೆ. ಅದೇ 85ಎ ಅರವತ್ತು ಎಪ್ಪತ್ತು ಕೆ.ಜಿ.ಯ ಅಪ್ಪನಿಗೆ ಹಿತ. ಅನುಮಾನವಿದ್ದರೆ ಮಗುವಿಗೆ ಒಂದು ಹೆಜ್ಜೆ ಮೆದು, ದೊಡ್ಡವರಿಗೆ ಒಂದು ಹೆಜ್ಜೆ ಗಡಸು.

ಗಡಸುತನದ ಅಂಕಿಯೇ ಇಲ್ಲದ ಚಕ್ರ ಅಂಗಡಿಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಎಷ್ಟೋ ಪಿಯು ಅಲ್ಲ, ಪಿವಿಸಿ. ಗುರುತು ಹಿಡಿಯುವುದು ಹೀಗೆ: ಒಳ್ಳೆಯದೆಂದು ಗೊತ್ತಿರುವ ಒಂದು ಹಳೆಯ ಚಕ್ರ ಜೊತೆಗೆ ಒಯ್ಯಿರಿ, ಎರಡನ್ನೂ ಎದೆಯ ಮಟ್ಟದಿಂದ ಸಿಮೆಂಟ್ ನೆಲಕ್ಕೆ ಬಿಡಿ. ಪಿಯು ಚೆಂಡಿನಂತೆ ಪುಟಿದು ಕೈಯ ಕಡೆ ಬರುತ್ತದೆ. ಪಿವಿಸಿ "ಟಕ್" ಎಂದು ಸದ್ದು ಮಾಡಿ ಪಕ್ಕಕ್ಕೆ ಉರುಳುತ್ತದೆ. ಪುಟಿಯುವ ಗುಣವೇ ಓಡುವ ಗುಣ, ಮಗು ಹಾಕಿದ ಶಕ್ತಿಯನ್ನು ಅದು ಹಿಂದಕ್ಕೆ ಕೊಡುತ್ತದೆ. ಪಿವಿಸಿ ಚಕ್ರದಲ್ಲಿ ಕಲಿಯುವ ಮಗು ತಳ್ಳಿ ತಳ್ಳಿ ಸುಸ್ತಾಗಿ, "ನಂಗೆ ಬರಲ್ಲ" ಎಂದು ಕೂತುಬಿಡುವುದನ್ನು ನೋಡಿದ್ದೇನೆ. ಚಕ್ರ ಬದಲಿಸಿದ ವಾರದಲ್ಲೇ ಅದೇ ಮಗು ಗುಂಪಿನ ಜೊತೆ ಸುತ್ತು ಹಾಕುತ್ತಿತ್ತು. ಬೆಲೆಯ ವ್ಯತ್ಯಾಸಕ್ಕೆ ಹಿಂದೆಮುಂದೆ ನೋಡುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ಒದ್ದೆ ನೆಲಕ್ಕೆ ಯಾವ ಚಕ್ರವೂ ಇಲ್ಲ.

ಲೈಟ್ ಚಕ್ರ ಬೇಕು ಎಂದು ಮಗು ಹಟ ಹಿಡಿದರೆ: ಅದಕ್ಕೆ ಬ್ಯಾಟರಿ ಇರುವುದಿಲ್ಲ, ನಡುವೆ ಬೇರಿಂಗುಗಳ ಮಧ್ಯೆ ಕೂರುವ ಅಯಸ್ಕಾಂತದ ಪುಟ್ಟ ಕೊಳವೆ, ಅಂದರೆ ಸ್ಪೇಸರ್, ಅದರ ಸುತ್ತ ಚಕ್ರ ತಿರುಗಿದಾಗ ಕರೆಂಟ್ ಹುಟ್ಟುತ್ತದೆ. ಸಂಜೆ ಬಡಾವಣೆ ರಸ್ತೆಯಲ್ಲಿ ಸ್ಕೂಟರಿನವರಿಗೆ ಮಗು ಕಾಣುತ್ತದೆ ಅನ್ನುವುದು ನಿಜವಾದ ಲಾಭ. ತೂಕ ಹೆಚ್ಚು, ಅಗ್ಗದವುಗಳಲ್ಲಿ ಪಿಯು ಗುಣಮಟ್ಟ ಕಮ್ಮಿ. ಕ್ಲಾಸಿಗೆ ಹೋಗುವ ಸ್ಕೇಟಿಗೆ ನಾನು ಹಾಕುವುದಿಲ್ಲ. ಹಾಕಿದರೆ ಆ ಅಯಸ್ಕಾಂತದ ಸ್ಪೇಸರನ್ನು ಮಾಮೂಲಿ ಸ್ಪೇಸರಿನ ಜೊತೆ ಬೆರೆಸಬೇಡಿ, ಲೈಟೇ ಬರುವುದಿಲ್ಲ.

ಬೇರಿಂಗ್: ಹಳೆಯದೇ ಸಾಕೋ?

ಬಹಳ ಸಲ ಸಾಕು. ಒಂದು ಚಕ್ರಕ್ಕೆ ಎರಡು, ಎಂಟಕ್ಕೆ ಹದಿನಾರು. ಬಹುತೇಕ ಎಲ್ಲ ಸ್ಕೇಟಿನಲ್ಲೂ ಇರುವುದು 608 ಎಂಬ ಅಳತೆ: ಒಳಗಿನ ತೂತು 8, ಹೊರಗಿನ ವ್ಯಾಸ 22, ದಪ್ಪ 7 ಮಿ.ಮೀ. 2017ರಲ್ಲಿ ಮಕ್ಕಳೆಲ್ಲ ಬೆರಳಲ್ಲಿ ತಿರುಗಿಸುತ್ತಿದ್ದ ಸ್ಪಿನ್ನರ್ ನೆನಪಿದೆಯಾ? ಅದರ ನಡುವೆ ಇರುತ್ತಿದ್ದದ್ದೂ ಸಾಮಾನ್ಯವಾಗಿ ಇದೇ. ಹಾಗಾಗಿ ಸ್ಕೇಟಿಂಗ್ ಅಂಗಡಿಯೇ ಬೇಕೆಂದಿಲ್ಲ, ಮೋಟಾರ್ ರಿಪೇರಿಯವರು ಹೋಗುವ ಬೇರಿಂಗ್ ಅಂಗಡಿಯಲ್ಲಿ 608 ಎಂದು ಕೇಳಿದರೆ ಕೊಡುತ್ತಾರೆ. ಅಲ್ಲಿನದರಲ್ಲಿ ಗ್ರೀಸ್ ಗಟ್ಟಿಯಾಗಿರುತ್ತದೆ, ಶುರುವಿನಲ್ಲಿ ನಿಧಾನ ತಿರುಗುತ್ತದೆ, ಓಡಿದ ಹಾಗೆ ಹಗುರಾಗುತ್ತದೆ.

ಎಬೆಕ್ 5, 7, 9 ಅನ್ನುವುದು ಬೇರಿಂಗನ್ನು ಎಷ್ಟು ನಿಖರವಾದ ಅಳತೆಗೆ ಮಾಡಿದ್ದಾರೆ ಎಂಬುದರ ದರ್ಜೆ. ಅದು ಅಮೆರಿಕದ ಬೇರಿಂಗ್ ಎಂಜಿನಿಯರುಗಳ ಸಮಿತಿ ಮಾಡಿದ್ದು. ಸ್ಕೇಟಿನಲ್ಲಿ ಪಕ್ಕದಿಂದ ಬೀಳುವ ಒತ್ತಡ, ಧೂಳು, ಏಟು, ಇವಾವುದನ್ನೂ ಅದು ಅಳೆಯುವುದಿಲ್ಲ. ಕಲಿಯುವ ಮಗುವಿಗೆ 5ಕ್ಕೂ 9ಕ್ಕೂ ಗೊತ್ತಾಗುವಂಥ ವ್ಯತ್ಯಾಸ ಇಲ್ಲ. ಆ ಹಣವನ್ನು ಪಿಯು ಚಕ್ರಕ್ಕೆ ಹಾಕಿ. ಮುಚ್ಚಳದ ಬಗೆ ಮಾತ್ರ ನೋಡಿ ತನ್ನಿ. ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನದು. ಧೂಳಿನ ಬೇಸ್‌ಮೆಂಟಿಗೂ ರಸ್ತೆಗೂ ರಬ್ಬರಿನದು ವಾಸಿ.

ಬೇರಿಂಗಿನ ದೊಡ್ಡ ಶತ್ರು ನೀರು ಎಂದು ನನಗೆ ಕಲಿಸಿದ್ದು ದಸರಾ. ಆಯುಧಪೂಜೆಯ ದಿನ ನಮ್ಮ ಮನೆ ಮುಂದೆ ಸ್ಕೂಟರ್, ಸೈಕಲ್, ಈಳಿಗೆಮಣೆ, ಹೊಲಿಗೆ ಮಿಷನ್ ಎಲ್ಲ ಸಾಲಾಗಿ ನಿಲ್ಲುತ್ತವೆ. ಆ ವರ್ಷ ಮಗಳು ತನ್ನ ಸ್ಕೇಟೂ ಇರಬೇಕೆಂದು, ಸ್ಕೂಟರ್ ತೊಳೆದ ಪೈಪಿನಲ್ಲೇ ಚಕ್ರಗಳಿಗೆಲ್ಲ ಜೋರಾಗಿ ನೀರು ಬಿಟ್ಟು ಫಳಫಳ ಮಾಡಿದಳು. ಶೂಗೆ ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ಚಕ್ರದ ಕೆಳಗೆ ನಿಂಬೆಹಣ್ಣೂ ಇಟ್ಟಳು. ನೋಡಲು ಎರಡು ಕಣ್ಣು ಸಾಲದು. ಹಬ್ಬದ ಸಡಗರದಲ್ಲಿ ಸ್ಕೇಟ್ ಹಾಗೇ ಮೂಲೆ ಸೇರಿತು. ಎರಡು ವಾರ ಬಿಟ್ಟು ತೆಗೆದರೆ ಚಕ್ರ ತಿರುಗುವಾಗ ಕಾಳು ಬೀಸಿದ ಸದ್ದು. ಬಿಚ್ಚಿದೆ, ಬೇರಿಂಗಿನ ಒಳಗಿಂದ ಕಂದು ನೀರು ಇಳಿದು ಹಬ್ ತುಂಬ ಕಲೆ. ಹದಿನಾರರಲ್ಲಿ ಹನ್ನೊಂದು ಹೋಗಿದ್ದವು. ಈಗ ಆಯುಧಪೂಜೆಗೆ ಸ್ಕೇಟನ್ನು ಹಿಂಡಿದ ಬಟ್ಟೆಯಲ್ಲಿ ಒರೆಸುತ್ತೇವೆ, ಕುಂಕುಮ ಶೂ ಮೇಲಕ್ಕೆ ಮಾತ್ರ.

ಬೇರಿಂಗ್ ಇಡಬೇಕೋ ಬಿಸಾಡಬೇಕೋ ಎಂದು ತಿಳಿಯಲು ಕಿರುಬೆರಳಿಗೆ ಹಾಕಿಕೊಂಡು ತಿರುಗಿಸಿ. ನಿಧಾನವಾದರೂ ನುಣುಪಾಗಿ ತಿರುಗಿದರೆ ಒಳ್ಳೆಯದಿದೆ, ಕೊಳೆಯಾಗಿದೆ ಅಷ್ಟೆ. ಮುಚ್ಚಳವನ್ನು ಸೂಜಿಯಿಂದ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಜಾಲಿಸಿ, ಪೂರ್ತಿ ಒಣಗಿದ ಮೇಲೆ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಟ್ಟರೆ ಆಯಿತು. ಒಲೆ, ದೀಪ ಯಾವುದೂ ಹತ್ತಿರ ಬೇಡ. ಬೆರಳಿಗೆ ಮರಳು ತಾಗಿದಂತೆ ಗರಗರ ಎಂದರೆ ಒಳಗಿನ ಗುಂಡು ಸವೆದಿದೆ, ತೊಳೆದು ಸಮಯ ಹಾಳು ಮಾಡಬೇಡಿ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ, ಅದು ಕೆಲವೇ ದಿನದಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ.

ಮನೆಯಲ್ಲೇ ಹಾಕುವಾಗ

ಅಂಗಡಿಗೆ ಕೊಡಬೇಕೋ, ನಾವೇ ಮಾಡಬೇಕೋ? ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯಬಲ್ಲವರು ಇದನ್ನೂ ಮಾಡಬಹುದು. ಸಾಮಾನ್ಯವಾಗಿ ಬೇಕಾಗುವುದು 4 ಮಿ.ಮೀ. ಅಲೆನ್ ಕೀ, ಕೆಲವಕ್ಕೆ 5, ಕೆಲವಕ್ಕೆ ನಕ್ಷತ್ರದ ಆಕಾರದ ಟಾರ್ಕ್ಸ್ ಕೀ. ಬೋಲ್ಟ್ ತಿರುಗಿಸಿದರೆ ಇನ್ನೊಂದು ಬದಿಯೂ ಜೊತೆಗೆ ತಿರುಗುತ್ತಿದ್ದರೆ ಅದು ಎರಡು ತುಂಡಿನದು, ಎರಡೂ ಕಡೆ ಕೀ ಹಿಡಿಯಬೇಕು. ಕೀ ಪೂರ್ತಿ ಒಳಕ್ಕೆ ಕೂತಿದೆಯೇ ನೋಡದೆ ಬಲ ಹಾಕಿದರೆ ಬೋಲ್ಟಿನ ತಲೆ ಉಜ್ಜಿಹೋಗುತ್ತದೆ. ಆಗ ಮಾತ್ರ ಅಂಗಡಿಗೆ ಹೋಗಲೇಬೇಕು.

ನಾನು ಮೊದಲ ಸಲ ಚಕ್ರ ಬದಲಿಸಿದ ರಾತ್ರಿ ಹತ್ತು ಗಂಟೆಗೆ ಎಂಟನೆಯದನ್ನೂ ಬಿಗಿದು ಕೈಯಲ್ಲಿ ತಿರುಗಿಸಿದೆ. ಅರ್ಧ ಸುತ್ತಿಗೆ ನಿಂತುಬಿಟ್ಟಿತು. ಬೋಲ್ಟ್ ಸಡಿಲ ಮಾಡಿದರೆ ತಿರುಗುತ್ತದೆ, ಆದರೆ ಪಕ್ಕಕ್ಕೆ ಲಟಲಟ ಆಡುತ್ತದೆ. ಬಿಗಿದರೆ ಮತ್ತೆ ನಿಲ್ಲುತ್ತದೆ. ಮೂರು ಸಲ ಬಿಚ್ಚಿ ಹಾಕಿದ ಮೇಲೆ ಗೊತ್ತಾಯಿತು, ಎರಡು ಬೇರಿಂಗುಗಳ ನಡುವೆ ಕೂರಬೇಕಾದ ಬೆರಳುಗುರಿನಷ್ಟು ಕೊಳವೆ, ಸ್ಪೇಸರ್, ಅದರಲ್ಲಿ ಇರಲಿಲ್ಲ. ಅದಿಲ್ಲದಿದ್ದರೆ ಬೋಲ್ಟ್ ಬಿಗಿದಂತೆಲ್ಲ ಬೇರಿಂಗುಗಳ ಒಳಬಳೆ ಒಂದನ್ನೊಂದು ಸೆಳೆದುಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ಎಲ್ಲಿ ಹೋಯಿತು? ಹಳೆಯ ಚಕ್ರದ ಹೊಟ್ಟೆಯಲ್ಲೇ, ಒಣಕಸದ ಬಕೆಟ್ಟಿನ ತಳದಲ್ಲಿ. "ಬೆಳಿಗ್ಗೆ ಕಸದ ಗಾಡಿ ಬರೋದ್ರೊಳಗೆ ನೋಡ್ಕೊಮ್ಮ" ಎಂದು ಅತ್ತೆ ಟಾರ್ಚ್ ಹಿಡಿದು ನಿಂತರು. ಹಾಲಿನ ಕವರು, ಪೇಪರು ಎಲ್ಲ ಸರಿಸಿ ತೆಗೆದೆವು. ಅದನ್ನು ಹಾಕಿ ಬಿಗಿದ ಮೇಲೆ ಚಕ್ರ ಸುಯ್ ಎಂದು ಸುತ್ತುತ್ತಲೇ ಇತ್ತು.

ಆವತ್ತಿನಿಂದ ನನ್ನ ಕ್ರಮ ಇದು. ಒಂದು ಬಿಳಿ ಪಂಚೆ ಹಾಸಿ, ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚುವುದು. ಬೋಲ್ಟನ್ನು ಚಕ್ರದ ತೂತಿನಲ್ಲಿ ಅರ್ಧ ತೂರಿಸಿ ಓರೆ ಮಾಡಿ ಒತ್ತಿದರೆ ಎದುರಿನ ಬೇರಿಂಗ್ ಹೊರಬರುತ್ತದೆ. ಅದರ ಹಿಂದೆ ಸ್ಪೇಸರ್ ಬೀಳುತ್ತದೆ, ಆಮೇಲೆ ಎರಡನೆಯ ಬೇರಿಂಗ್. ಸ್ಕ್ರೂಡ್ರೈವರಿಟ್ಟು ಸುತ್ತಿಗೆಯಲ್ಲಿ ಹೊಡೆಯಬಾರದು. ಹೊಸ ಚಕ್ರಕ್ಕೆ ಒಂದು ಬೇರಿಂಗ್ ಒತ್ತಿ, ಮಗುಚಿ, ಸ್ಪೇಸರ್ ಇಟ್ಟು, ಎರಡನೆಯದನ್ನು ಎರಡು ಹೆಬ್ಬೆರಳಿನಿಂದ ಅಂಚಿನ ಸುತ್ತ ಸಮನಾಗಿ ಒತ್ತಿದರೆ ಸಣ್ಣ ಸದ್ದಿನೊಂದಿಗೆ ಕೂರುತ್ತದೆ. ಫ್ರೇಮಿಗೆ ಸೇರಿಸಿ ಬಿಗಿಯಿರಿ. ಕೀಯ ಗಿಡ್ಡ ತೋಳನ್ನು ಹಿಡಿದು ಕೈಗೆ ಸಿಕ್ಕಷ್ಟು ಬಿಗಿ ಮಾಡಿದರೆ ಸಾಕು. ಉದ್ದ ತೋಳಿಗೆ ಪೂರಾ ಭಾರ ಹಾಕಬೇಡಿ, ಅಲ್ಯೂಮಿನಿಯಂ ಫ್ರೇಮಿನ ತೂತಿನೊಳಗಿನ ಥ್ರೆಡ್ ಹೋದರೆ ಫ್ರೇಮೇ ಹೋದಂತೆ. ಪಕ್ಕಕ್ಕೆ ಅಲುಗಾಡದೆ, ತಿರುಗಿಸಿದರೆ ತಡೆಯಿಲ್ಲದೆ ಸುತ್ತಿದರೆ ಬಿಗಿ ಸರಿಯಾಗಿದೆ.

ಹೊಸ ಚಕ್ರದ ಮೇಲೆ ಅಚ್ಚಿನ ನುಣುಪು ಇರುತ್ತದೆ, ಮೊದಲ ಹತ್ತು ನಿಮಿಷ ಸ್ವಲ್ಪ ಜಾರುತ್ತದೆ. ಮನೆ ಮುಂದೆ ನಿಧಾನ ಓಡಿಸಿ ಅದು ಮಾಸಲಿ. ಅರ್ಧ ಗಂಟೆ ಆದ ಮೇಲೆ ಮಗುವನ್ನು ಕೂರಿಸಿ, ಸ್ಕೇಟ್ ಬಿಚ್ಚಿಸದೇ ಎಂಟೂ ಬೋಲ್ಟಿಗೆ ಇನ್ನೊಮ್ಮೆ ಕೀ ಹಾಕಿ ನೋಡಿ. ಒಂದೋ ಎರಡೋ ಕಾಲು ಸುತ್ತು ಹಿಡಿಯುತ್ತವೆ. ಆಮೇಲೆ ಕ್ಲಾಸಿಗೆ ಕಳಿಸಬಹುದು.